ಅಥೆನ್ಸಿನಲ್ಲಿ ಎಲ್ಲರಿಗೂ ಮತವಿತ್ತೇ? ಗ್ರೀಕ್ ಪಾಠದ ಗೊಂದಲಗಳಿಗೆ ಉತ್ತರ

ಪ್ರಶ್ನೆ: ನಾನು ಎಂಟನೇ ತರಗತಿ ವಿದ್ಯಾರ್ಥಿನಿ. ಸಮಾಜ ವಿಜ್ಞಾನದಲ್ಲಿ ಗ್ರೀಕ್ ನಾಗರಿಕತೆಯ ಪಾಠ ಮುಗಿಯಿತು. ಮೇಡಂ ಚೆನ್ನಾಗಿಯೇ ಹೇಳಿಕೊಟ್ಟರು, ಕೇಳುವಾಗ ಎಲ್ಲ ಅರ್ಥವಾಯಿತು. ಕಿರುಪರೀಕ್ಷೆಯಲ್ಲಿ ಮಾತ್ರ ಹತ್ತಕ್ಕೆ ನಾಲ್ಕೇ ಬಂತು. ‘ಗ್ರೀಕರ ರಾಜ ಪೆರಿಕ್ಲಿಸ್ ಪ್ರಜಾಪ್ರಭುತ್ವ ತಂದನು, ಅಲ್ಲಿ ಎಲ್ಲರೂ ಮತ ಹಾಕುತ್ತಿದ್ದರು’ ಎಂದು ಬರೆದಿದ್ದೆ. ಮೇಡಂ ಅದಕ್ಕೆ ಕೆಂಪು ಸುತ್ತು ಹಾಕಿದ್ದಾರೆ. ಮ್ಯಾರಥಾನ್ ಯುದ್ಧ ಕ್ರಿ.ಪೂ. 490, ಥರ್ಮಾಪಿಲೆ ಕ್ರಿ.ಪೂ. 480 ಅಂತ ಇದ್ದರೆ ಯಾವುದು ಮೊದಲು ಎಂದು ಪ್ರತಿ ಸಲ ತಪ್ಪುತ್ತೇನೆ. ಟ್ರಾಯ್ ಯುದ್ಧ ನಿಜವೋ ಕಥೆಯೋ ತಿಳಿಯುತ್ತಿಲ್ಲ. 300 ಜನ ಸ್ಪಾರ್ಟನ್ನರೇ ಪರ್ಷಿಯಾದ ಸೈನ್ಯವನ್ನು ಸೋಲಿಸಿದರು ಅಂತ ಅಣ್ಣ ಹೇಳುತ್ತಾನೆ. ಪ್ರಾಜೆಕ್ಟಿಗೆ ಥರ್ಮಾಕೋಲಿನಲ್ಲಿ ಬಿಳಿ ದೇವಾಲಯ ಮಾಡೋಣ ಅಂದರೆ, ಅದು ಬಿಳಿಯಾಗಿ ಇರಲೇ ಇಲ್ಲ ಅಂತ ಗೆಳತಿ ಅನ್ನುತ್ತಾಳೆ. ಅಷ್ಟು ದೂರದವರ ವಿಷಯ ನಮಗೆ ಯಾಕೆ ಅಂತಲೂ ಅನ್ನಿಸುತ್ತದೆ. ಇದನ್ನೆಲ್ಲ ಹೇಗೆ ಓದಲಿ?

ಉತ್ತರ: ನೀನು ಕೇಳಿರುವ ಪ್ರಶ್ನೆ ಹಲವು, ಆದರೆ ತೊಡಕಿನ ಬೇರು ಒಂದೇ. ಸುಮಾರು ಎರಡು ಸಾವಿರ ವರ್ಷಗಳ, ಸಾವಿರಕ್ಕೂ ಹೆಚ್ಚು ಊರುಗಳ ಇತಿಹಾಸವನ್ನು ಪಠ್ಯಪುಸ್ತಕ ಕೆಲವೇ ಪುಟಗಳಲ್ಲಿ ಹೇಳಬೇಕು. ಹಾಗೆ ಹೇಳುವಾಗ ‘ಗ್ರೀಕರು’ ಎಂಬ ಒಂದೇ ಪದದೊಳಗೆ ಎಲ್ಲರೂ ಸೇರಿಬಿಡುತ್ತಾರೆ. ಕೇಳುವಾಗ ಅರ್ಥವಾದದ್ದು ಬರೆಯುವಾಗ ಕಲಸಿಹೋಗುವುದು ಅದಕ್ಕೇ. ನಿನ್ನ ಜ್ಞಾಪಕಶಕ್ತಿಯಲ್ಲಿ ದೋಷವೇನೂ ಇಲ್ಲ. ಈ ಪಾಠದಲ್ಲಿ ಯಾವ ವಾಕ್ಯ ಕಂಡರೂ ಮೂರು ವಿಷಯ ಕೇಳಿಕೊಳ್ಳಬೇಕು: ಯಾವ ಊರಿನದು, ಯಾವ ಕಾಲದ್ದು, ಯಾರು ಹೇಳಿದ್ದು. ಸುತ್ತು ಹಾಕಿಸಿಕೊಂಡ ನಿನ್ನ ವಾಕ್ಯವನ್ನೇ ಹೀಗೆ ಬಿಡಿಸೋಣ.

ಮೊದಲನೆಯದು, ‘ಗ್ರೀಕರ ರಾಜ’ ಎಂಬ ಹುದ್ದೆಯೇ ಇರಲಿಲ್ಲ. ಆಗ ಗ್ರೀಸ್ ಒಂದು ದೇಶವಾಗಿರಲಿಲ್ಲ. ಬೆಟ್ಟಸಾಲುಗಳ ನಡುವಿನ ಕಣಿವೆಗಳಲ್ಲಿ, ದ್ವೀಪಗಳಲ್ಲಿ, ಇಂದಿನ ಟರ್ಕಿಯ ಕರಾವಳಿಯಲ್ಲಿ, ಇಟಲಿಯ ದಕ್ಷಿಣದಲ್ಲಿ ಬೇರೆ ಬೇರೆ ನಗರರಾಜ್ಯಗಳಿದ್ದವು. ಪ್ರತಿಯೊಂದಕ್ಕೂ ತನ್ನ ಕಾನೂನು, ತನ್ನ ನಾಣ್ಯ, ತನ್ನ ಸೈನ್ಯ. ಭಾಷೆ, ದೇವತೆಗಳು, ಒಲಿಂಪಿಯಾದ ಕ್ರೀಡೆಗಳು ಮಾತ್ರ ಎಲ್ಲರಿಗೂ ಒಂದೇ. ಸ್ಪಾರ್ಟಾದಲ್ಲಿ ಏಕಕಾಲಕ್ಕೆ ಇಬ್ಬರು ರಾಜರಿದ್ದರು, ಅವರ ಮೇಲೆ ಕಣ್ಣಿಡಲು ಪ್ರತಿವರ್ಷ ಐವರು ಅಧಿಕಾರಿಗಳು. ಅಥೆನ್ಸಿನಲ್ಲಿ ರಾಜರ ಆಳ್ವಿಕೆ ಪೆರಿಕ್ಲಿಸನಿಗಿಂತ ಎಷ್ಟೋ ಮೊದಲೇ ಮುಗಿದುಹೋಗಿತ್ತು.

ಎರಡನೆಯದು, ಪ್ರಜಾಪ್ರಭುತ್ವವನ್ನು ತಂದವನು ಪೆರಿಕ್ಲಿಸ್ ಅಲ್ಲ. ಅಥೆನ್ಸಿಗೆ ಕಾನೂನು ಮಾಡಿಕೊಟ್ಟ ಸೋಲನ್ ಕ್ರಿ.ಪೂ. 594ರಲ್ಲಿ, ಸಾಲ ತೀರಿಸಲಾಗದವರನ್ನು ಗುಲಾಮರನ್ನಾಗಿಸುವ ಪದ್ಧತಿಯನ್ನು ನಿಲ್ಲಿಸಿದ. ಕ್ರಿ.ಪೂ. 508–507ರಲ್ಲಿ ಕ್ಲೈಸ್ತನೀಸ್ ನಾಗರಿಕರನ್ನು ಹತ್ತು ಹೊಸ ಗುಂಪುಗಳಾಗಿ ಮಾಡಿ, ಗುಂಪಿಗೆ 50ರಂತೆ 500 ಜನರ ಸಮಿತಿ ರಚಿಸಿದ. ಈ ಗುಂಪುಗಳಲ್ಲಿ ಕರಾವಳಿಯವರು, ಒಳನಾಡಿನವರು, ನಗರದವರು ಮೂವರೂ ಬೆರೆಯುವಂತೆ ಮಾಡಿದ್ದು ಅವನ ಜಾಣತನ. ಒಂದು ಪ್ರದೇಶದ ದೊಡ್ಡ ಮನೆತನಕ್ಕೆ ತನ್ನವರನ್ನೆಲ್ಲ ಒಟ್ಟಾಗಿ ಕರೆತಂದು ಸಭೆಯನ್ನು ಆಳುವುದು ಇದರಿಂದ ಕಷ್ಟವಾಯಿತು. ನನ್ನ ಮಟ್ಟಿಗೆ ಇಡೀ ಪಾಠದಲ್ಲಿ ತುಂಬ ಮುಖ್ಯವಾದ ಸುಧಾರಣೆ ಇದೇ, ಆದರೂ ವಿದ್ಯಾರ್ಥಿಗಳ ಉತ್ತರಗಳಲ್ಲಿ ಕಾಣುವುದು ಬಲು ಕಡಿಮೆ. ಪೆರಿಕ್ಲಿಸ್ ಬಂದದ್ದು ಅರ್ಧ ಶತಮಾನದ ನಂತರ. ಅವನು ಪ್ರತಿವರ್ಷ ಆಯ್ಕೆಯಾಗುತ್ತಿದ್ದ ಹತ್ತು ಸೇನಾಪತಿಗಳಲ್ಲಿ ಒಬ್ಬ. ಕ್ರಿ.ಪೂ. 430ರಲ್ಲಿ ಜನ ಸಿಟ್ಟಾಗಿ ಅವನಿಗೆ ದಂಡ ಹಾಕಿದರು, ಆಮೇಲೆ ಮತ್ತೆ ಆರಿಸಿದರು. ರಾಜನಾಗಿದ್ದರೆ ಇದು ನಡೆಯುತ್ತಿತ್ತೇ?

ಮೂರನೆಯದು, ‘ಎಲ್ಲರೂ’. ಪೆರಿಕ್ಲಿಸನ ಕಾಲದಲ್ಲಿ ಅಥೆನ್ಸ್ ಮತ್ತು ಅದರ ಸುತ್ತಲಿನ ಅಟ್ಟಿಕಾ ಸೀಮೆಯಲ್ಲಿ ಎರಡೂವರೆಯಿಂದ ಮೂರು ಲಕ್ಷ ಜನರಿದ್ದರೆಂಬುದು ವಿದ್ವಾಂಸರ ಅಂದಾಜು. ಸಭೆಯಲ್ಲಿ ಮತ ನೀಡಬಹುದಾಗಿದ್ದ ವಯಸ್ಕ ಪುರುಷ ನಾಗರಿಕರು 30,000ದಿಂದ 60,000. ಹೆಂಗಸರಿಗೆ ಮತವಿಲ್ಲ. ಗುಲಾಮರಿಗೆ ಇಲ್ಲ. ಬೇರೆ ಊರಿಂದ ಬಂದು ನೆಲೆಸಿ, ತೆರಿಗೆ ಕಟ್ಟಿ, ಯುದ್ಧಕ್ಕೂ ಹೋಗುತ್ತಿದ್ದ ‘ಮೆಟಿಕ್’ಗಳಿಗೂ ಇಲ್ಲ. ಕ್ರಿ.ಪೂ. 451ರಲ್ಲಿ ಪೆರಿಕ್ಲಿಸನೇ ಮುಂದಿಟ್ಟ ಕಾನೂನಿನ ಪ್ರಕಾರ ತಂದೆ ತಾಯಿ ಇಬ್ಬರೂ ಅಥೆನ್ಸಿನವರಾಗಿದ್ದರೆ ಮಾತ್ರ ಮಗ ನಾಗರಿಕ. ರಾಜ್ಯಶಾಸ್ತ್ರದ ಬಗ್ಗೆ ಬರೆದ ಅರಿಸ್ಟಾಟಲ್ ಉತ್ತರದ ಸ್ಟಾಗಿರಾ ಎಂಬ ಊರಿನವನು. ಅಥೆನ್ಸಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿದರೂ ಅಲ್ಲಿನ ಸಭೆಯಲ್ಲಿ ಕೈ ಎತ್ತುವ ಹಕ್ಕು ಅವನಿಗಿರಲಿಲ್ಲ. ನಿಮ್ಮ ತರಗತಿಯಲ್ಲಿ 40 ಜನರಿದ್ದರೆ, ಆ ಲೆಕ್ಕದಲ್ಲಿ ನಾಲ್ಕರಿಂದ ಎಂಟು ಜನರಿಗೆ ಮಾತ್ರ ಮತ.

ಹಾಗಾದರೆ ಅದು ಪ್ರಜಾಪ್ರಭುತ್ವವೇ ಅಲ್ಲ ಎಂದು ಬರೆಯಬೇಕೇ? ಆ ಕಡೆಗೂ ಜಾರಬೇಡ. ಮತವಿದ್ದವರ ಮಟ್ಟಿಗೆ ಅಲ್ಲಿನ ವ್ಯವಸ್ಥೆ ಇಂದಿನದಕ್ಕಿಂತ ನೇರವಾಗಿತ್ತು. ಚಮ್ಮಾರ, ಕುಂಬಾರ, ರೈತ ಯಾರೇ ಆಗಲಿ, ನಾಗರಿಕನಾಗಿದ್ದರೆ ಪ್ನಿಕ್ಸ್ ಗುಡ್ಡದ ಸಭೆಗೆ ಹೋಗಿ ಮಾತಾಡಬಹುದು, ಯುದ್ಧ ಬೇಕೇ ಬೇಡವೇ ಎಂಬುದಕ್ಕೆ ತಾನೇ ಕೈ ಎತ್ತಬಹುದು. ಆ ಗುಡ್ಡದಲ್ಲಿ ಜಾಗವಿದ್ದದ್ದು ಸುಮಾರು 6,000 ಜನರಿಗೆ. ಹೆಚ್ಚಿನ ಅಧಿಕಾರಿಗಳನ್ನೂ, 500ರ ಸಮಿತಿಯನ್ನೂ, ನ್ಯಾಯಾಲಯದ ತೀರ್ಪುಗಾರರನ್ನೂ ಚೀಟಿ ಎತ್ತಿ ಆರಿಸುತ್ತಿದ್ದರು. ಚುನಾವಣೆಯಲ್ಲಿ ಹೆಸರು, ಹಣ ಇದ್ದವರು ಗೆಲ್ಲುತ್ತಾರೆ, ಚೀಟಿಗೆ ಎಲ್ಲರೂ ಒಂದೇ ಎಂಬುದು ಅವರ ತರ್ಕ. ಯುದ್ಧಕ್ಕೆ ಅನುಭವ ಬೇಕೇ ಬೇಕು, ಹಾಗಾಗಿ ಸೇನಾಪತಿಯಂಥ ಹುದ್ದೆಗಳಿಗೆ ಮಾತ್ರ ಚುನಾವಣೆ. ಪರೀಕ್ಷೆಗೆ ಹೀಗೆ ಬರೆ: ‘ಕ್ರಿ.ಪೂ. 5ನೇ ಶತಮಾನದ ಅಥೆನ್ಸಿನಲ್ಲಿ ನೇರ ಪ್ರಜಾಪ್ರಭುತ್ವವಿತ್ತು. ವಯಸ್ಕ ಪುರುಷ ನಾಗರಿಕರು ಸಭೆಯಲ್ಲಿ ಸ್ವತಃ ಮತ ನೀಡುತ್ತಿದ್ದರು. ಮಹಿಳೆಯರು, ಗುಲಾಮರು, ಹೊರಗಿನಿಂದ ಬಂದು ನೆಲೆಸಿದವರಿಗೆ ಈ ಹಕ್ಕು ಇರಲಿಲ್ಲ.’ ಇದರಲ್ಲಿ ಊರು, ಕಾಲ, ಯಾರಿಗೆ ಎಂಬ ಮೂರೂ ಇವೆ, ಸುತ್ತು ಹಾಕಲು ಎಡೆಯಿಲ್ಲ.

ಪಠ್ಯದ ಸಾಲಿಗೂ ನೀನು ಬೇರೆಡೆ ಓದಿದ್ದಕ್ಕೂ ವ್ಯತ್ಯಾಸ ಬಂದರೆ ಏನು ಮಾಡಬೇಕು? ಒಂದು ಅಂಕದ ಪ್ರಶ್ನೆಗೆ ಪಠ್ಯದ ಉತ್ತರವನ್ನೇ ಬರೆ. ಅಲ್ಲಿ ವಿವರಣೆಗೆ ಜಾಗವಿಲ್ಲ, ಬೇರೆ ಬರೆದರೆ ಅಂಕ ಹೋಗುವ ಸಂಭವವೇ ಹೆಚ್ಚು. ಮೂರು ನಾಲ್ಕು ಅಂಕದ ಪ್ರಶ್ನೆಯಲ್ಲಿ ಪಠ್ಯದ ಅಂಶಗಳನ್ನು ಮೊದಲು ಬರೆದು, ಕೊನೆಯಲ್ಲಿ ಒಂದು ಸಾಲು ಹೆಚ್ಚುವರಿಯಾಗಿ ಸೇರಿಸು. ಪಠ್ಯವನ್ನು ಅಲ್ಲಗಳೆದು ಉತ್ತರ ಶುರುಮಾಡಿದರೆ, ಮೌಲ್ಯಮಾಪಕರು ಹುಡುಕುವ ಅಂಶಗಳು ಕೆಳಗೆಲ್ಲೋ ಹೂತುಹೋಗುತ್ತವೆ.

ಈಗ ಇಸವಿಗಳು. ಕ್ರಿ.ಪೂ. ಎಂದರೂ ಸಾ.ಶ.ಪೂ. ಎಂದರೂ ಎಣಿಕೆ ಒಂದೇ, ಸಂಖ್ಯೆ ಇಳಿಯುತ್ತ ಬಂದಂತೆ ಕಾಲ ಮುಂದೆ ಸಾಗುತ್ತದೆ. ಆದ್ದರಿಂದ 490ರ ಮ್ಯಾರಥಾನ್ ಮೊದಲು, 480ರ ಥರ್ಮಾಪಿಲೆ ಹತ್ತು ವರ್ಷಗಳ ನಂತರ. ‘ಕ್ರಿ.ಪೂ. 5ನೇ ಶತಮಾನ’ ಎಂದರೆ 500ರಿಂದ 401. ಶೂನ್ಯ ವರ್ಷ ಎಂಬುದಿಲ್ಲ, ಕ್ರಿ.ಪೂ. 1 ಮುಗಿದ ಮರುದಿನ ಕ್ರಿ.ಶ. 1 ಶುರು. ಎರಡೂ ಕಡೆಯ ಇಸವಿ ಕೂಡಿ ಅಂತರ ಲೆಕ್ಕ ಹಾಕುವಾಗ ಒಂದು ಕಳೆಯಬೇಕು: ಕ್ರಿ.ಪೂ. 10ರಿಂದ ಕ್ರಿ.ಶ. 10ಕ್ಕೆ 19 ವರ್ಷ.

ಇದನ್ನು ಬಾಯಿಪಾಠ ಮಾಡುವ ಬದಲು ಗೆರೆ ಎಳೆ. ಎರಡು ಚಾರ್ಟ್ ಹಾಳೆಗಳನ್ನು ಉದ್ದಕ್ಕೆ ಅಂಟಿಸಿ, 1 ಸೆಂ.ಮೀ.ಗೆ 20 ವರ್ಷದಂತೆ 100 ಸೆಂ.ಮೀ. ಗೆರೆ ಹಾಕಿದರೆ ಕ್ರಿ.ಪೂ. 2000ದಿಂದ ಕ್ರಿಸ್ತಶಕದ ಆರಂಭದವರೆಗೆ ಹಿಡಿಸುತ್ತದೆ. ಎಡತುದಿಯಲ್ಲಿ ಕ್ರೀಟ್ ದ್ವೀಪದ ಮಿನೋವನ್ ಅರಮನೆಗಳು ಬರುತ್ತವೆ. ನಮ್ಮ ಹರಪ್ಪಾ ನಗರಗಳು ಇಳಿಮುಖವಾಗುತ್ತಿದ್ದ ಹೊತ್ತು ಅದು. 1600ರಿಂದ 1100 ಮೈಸಿನೇಯ ಕಾಲ. ಆಮೇಲೆ ಮುನ್ನೂರು ವರ್ಷ ಬರವಣಿಗೆಯೇ ಮರೆತುಹೋದ ಅವಧಿ. 8ನೇ ಶತಮಾನದಲ್ಲಿ ಫಿನೀಷಿಯನ್ನರಿಂದ ಅಕ್ಷರಗಳನ್ನು ಪಡೆದು ಸ್ವರಗಳನ್ನು ಸೇರಿಸಿಕೊಂಡ ಗ್ರೀಕರು ಮತ್ತೆ ಬರೆಯತೊಡಗಿದರು. ಸಾಕ್ರಟೀಸ್, ಪ್ಲೇಟೋ, ಅಥೆನ್ಸಿನ ಪಾರ್ಥೆನಾನ್ ದೇವಾಲಯ, ಪರ್ಷಿಯಾ ಯುದ್ಧಗಳು, ಅಲೆಕ್ಸಾಂಡರ್ ಎಲ್ಲವೂ 500ರಿಂದ 323ರ ನಡುವೆ. ನಿನ್ನ ಗೆರೆಯಲ್ಲಿ ಅದು ಬರೀ ಒಂಬತ್ತು ಸೆಂ.ಮೀ.! ಅಲ್ಲಿ ಹೆಸರುಗಳು ಒಂದರ ಮೇಲೊಂದು ಬೀಳುತ್ತವೆ, ಆದ್ದರಿಂದ ಆ ಭಾಗವನ್ನು ಮಾತ್ರ ಬೇರೆ ಪಟ್ಟಿಯಲ್ಲಿ 1 ಸೆಂ.ಮೀ.ಗೆ 5 ವರ್ಷದಂತೆ ಹಿಗ್ಗಿಸಿ ಬರೆ.

ಟ್ರಾಯ್ ವಿಷಯಕ್ಕೆ ‘ನಿಜ’, ‘ಕಥೆ’ ಎಂಬ ಎರಡೇ ಪೆಟ್ಟಿಗೆ ಸಾಲದು. ಊರು ನಿಜ. ಟರ್ಕಿಯ ವಾಯವ್ಯ ಮೂಲೆಯಲ್ಲಿರುವ ಹಿಸಾರ್ಲಿಕ್ ದಿಬ್ಬದಲ್ಲಿ ಒಂದರ ಮೇಲೊಂದು ಒಂಬತ್ತು ಮುಖ್ಯ ಪದರಗಳಾಗಿ ಊರುಗಳು ಸಿಕ್ಕಿವೆ. 1870ರ ದಶಕದಲ್ಲಿ ಅಗೆದ ಹೈನ್ರಿಖ್ ಶ್ಲೀಮನ್ ದೊಡ್ಡ ಕಂದಕ ತೋಡಿ ಕೆಳಗಿನ ಪದರಕ್ಕೆ ಇಳಿದ. ಅಲ್ಲಿ ಸಿಕ್ಕ ಚಿನ್ನವನ್ನು ಟ್ರಾಯ್ ರಾಜ ಪ್ರಿಯಮನದ್ದೆಂದು ಸಾರಿದ. ಅದು ಯುದ್ಧ ನಡೆದಿರಬಹುದಾದ ಕಾಲಕ್ಕಿಂತ ಸಾವಿರ ವರ್ಷಕ್ಕೂ ಹಳೆಯದು. ಅವನ ಅವಸರದಲ್ಲಿ ಮೇಲಿನ ಪದರಗಳು, ಅಂದರೆ ನಮಗೆ ನಿಜವಾಗಿ ಬೇಕಿದ್ದ ಪುರಾವೆಗಳು, ಬಹಳಷ್ಟು ನಾಶವಾದವು. ಕ್ರಿ.ಪೂ. 1180ರ ಆಸುಪಾಸಿನಲ್ಲಿ ಒಂದು ಪದರ ಬೆಂಕಿಗೆ ಸಿಕ್ಕಿದ ಗುರುತಿದೆ, ಆದರೆ ಸುಟ್ಟವರು ಗ್ರೀಕರೇ ಎನ್ನಲು ಪುರಾವೆ ಇಲ್ಲ. ಆ ಯುದ್ಧದ ಕಥೆಯಲ್ಲಿ ಬರುವ ಹೆಲೆನ್, ಅಕಿಲೀಸ್ ಇದ್ದರೆಂದು ಹೇಳುವ ಯಾವ ಶಾಸನವೂ ಸಿಕ್ಕಿಲ್ಲ. ಹೋಮರನ ಹೆಸರಿನ ‘ಇಲಿಯಡ್’ ರೂಪುಗೊಂಡದ್ದೇ ನಾಲ್ಕು ಶತಮಾನಗಳ ನಂತರ. ಅದರಲ್ಲಿ ಮರದ ಕುದುರೆಯ ಪ್ರಸಂಗವೂ ಇಲ್ಲ, ಟ್ರಾಯ್ ವೀರ ಹೆಕ್ಟರನ ಅಂತ್ಯಸಂಸ್ಕಾರಕ್ಕೇ ಕಾವ್ಯ ಮುಗಿಯುತ್ತದೆ. ಕುದುರೆಯ ಮಾತು ಬರುವುದು ‘ಒಡಿಸ್ಸಿ’ಯಲ್ಲಿ. ‘ಊರಿಗೆ ಉತ್ಖನನದ ಆಧಾರವಿದೆ, ಯುದ್ಧ ನಡೆದಿರಬಹುದು, ಪಾತ್ರಗಳಿಗೆ ಆಧಾರವಿಲ್ಲ’ ಎಂದು ಬರೆದರೆ ಸರಿಯಾದ ಉತ್ತರ.

ನಿಮ್ಮ ಅಣ್ಣ ಹೇಳಿದ್ದರಲ್ಲಿ 300ರ ಸಂಖ್ಯೆ ಸರಿ, ಗೆಲುವು ತಪ್ಪು. ಥರ್ಮಾಪಿಲೆಯಲ್ಲಿ ಗೆದ್ದವರು ಪರ್ಷಿಯನ್ನರು, ಮುಂದೆ ಹೋಗಿ ಅಥೆನ್ಸನ್ನೂ ಸುಟ್ಟರು. ಕಣಿವೆ ಕಾಯಲು ಮೊದಲು ನಿಂತ ಗ್ರೀಕರು ಬೇರೆ ಬೇರೆ ಊರುಗಳ ಸುಮಾರು 7,000 ಜನ. ಕೊನೆಯ ದಿನ ಸ್ಪಾರ್ಟನ್ನರ ಜೊತೆ ಥೆಸ್ಪಿಯಾ ಎಂಬ ಸಣ್ಣ ಊರಿನ 700 ಜನರೂ ಉಳಿದು ಸತ್ತರು. ಅಷ್ಟು ಜನರನ್ನು ಕಳೆದುಕೊಂಡ ಪುಟ್ಟ ಊರಿನ ಹೆಸರು ಎಲ್ಲೂ ಕೇಳಿಬರುವುದಿಲ್ಲ ಎಂಬುದು ನನಗೆ ಯಾವಾಗಲೂ ನೋವಿನ ವಿಷಯ. ನೀನಾದರೂ ನಿನ್ನ ಉತ್ತರದಲ್ಲಿ ಸೇರಿಸು. ಯುದ್ಧದ ದಿಕ್ಕು ಬದಲಾದದ್ದು ಅದೇ ವರ್ಷ ಸಲಾಮಿಸ್ ಜಲಸಂಧಿಯಲ್ಲಿ, ಅಥೆನ್ಸಿನ ಹಡಗುಗಳಿಂದ. ಪ್ರತಿ ಹಡಗಿಗೆ 170 ಹುಟ್ಟುಗಾರರು, ಹೆಚ್ಚಿನವರು ಬಡ ನಾಗರಿಕರು. ಊರು ಉಳಿಸಿದ ಅವರ ಮಾತಿಗೆ ಆಮೇಲೆ ಸಭೆಯಲ್ಲಿ ತೂಕ ಬಂತು. ಇನ್ನು ಪರ್ಷಿಯಾದ ಸೈನ್ಯದ ಸಂಖ್ಯೆ: ಗ್ರೀಕ್ ಇತಿಹಾಸಕಾರ ಹೆರೊಡೋಟಸ್ 26 ಲಕ್ಷಕ್ಕೂ ಹೆಚ್ಚು ಯೋಧರೆನ್ನುತ್ತಾನೆ. ಅಷ್ಟು ಜನರಿಗೆ ಆ ದಾರಿಯಲ್ಲಿ ನೀರು, ಧಾನ್ಯ ಒದಗಿಸುವುದು ಸಾಧ್ಯವೇ ಇಲ್ಲದ್ದರಿಂದ ಇಂದಿನ ಇತಿಹಾಸಕಾರರು ಒಂದರಿಂದ ಮೂರು ಲಕ್ಷದೊಳಗೆ ಅಂದಾಜಿಸುತ್ತಾರೆ. ಸ್ಪಾರ್ಟನ್ನರು ತಮ್ಮ ಬಗ್ಗೆ ಬರೆದಿಟ್ಟದ್ದು ಬಹಳ ಕಡಿಮೆ. ಅವರ ಮಕ್ಕಳ ಕಠಿಣ ತರಬೇತಿಯ ವಿವರಗಳಲ್ಲಿ ಎಷ್ಟೋ ಬರುವುದು ಗ್ರೀಕ್ ಲೇಖಕ ಪ್ಲೂಟಾರ್ಕನಿಂದ, ಅವನಿದ್ದದ್ದು ಐದು ಶತಮಾನಗಳ ನಂತರ.

ನಮಗೆ ಇದು ಯಾಕೆ ಎಂದು ಕೇಳಿದ್ದೀಯ. ಅಶೋಕನ ಕಾಲವನ್ನು ಕ್ರಿ.ಪೂ. 3ನೇ ಶತಮಾನ ಎಂದು ಖಚಿತವಾಗಿ ಹೇಳಲು ಗ್ರೀಕರೇ ಆಧಾರ. ಅಶೋಕ ತನ್ನ 13ನೇ ಬಂಡೆಶಾಸನದಲ್ಲಿ ಅಂತಿಯೋಕ, ತುರಮಾಯ ಮೊದಲಾದ ಐವರು ದೊರೆಗಳನ್ನು ಹೆಸರಿಸುತ್ತಾನೆ. ಅಲೆಕ್ಸಾಂಡರನ ನಂತರ ಸಿರಿಯಾ, ಈಜಿಪ್ಟ್, ಮ್ಯಾಸಿಡೋನಿಯಾ ಕಡೆ ಆಳಿದ ಅವರ ಇಸವಿಗಳು ಗ್ರೀಕ್ ದಾಖಲೆಗಳಿಂದ ಗೊತ್ತಿವೆ. ಐವರೂ ಬದುಕಿದ್ದ ವರ್ಷಗಳನ್ನು ಹೊಂದಿಸಿ ನೋಡಿದಾಗ ಆ ಶಾಸನದ ಕಾಲ ತಿಳಿಯಿತು. ನಮ್ಮ ಮಸ್ಕಿ, ಬ್ರಹ್ಮಗಿರಿ ಶಾಸನಗಳಿಗೆ ನೀನು ಓದುವ ಇಸವಿ ನಿಂತಿರುವುದು ಈ ಲೆಕ್ಕದ ಮೇಲೆ. ಕ್ರಿ.ಶ. 2ನೇ ಶತಮಾನದಲ್ಲಿ ಈಜಿಪ್ಟಿನಲ್ಲಿ ಕೂತು ಗ್ರೀಕಿನಲ್ಲಿ ಭೂಗೋಳ ಬರೆದ ಟಾಲೆಮಿ ಬನವಾಸಿಯನ್ನು ಹೆಸರಿಸಿದ್ದಾನೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಒಂದು ಗ್ರೀಕ್ ಪ್ರಹಸನ ನಡೆಯುವುದು ಭಾರತದ ಕರಾವಳಿಯಲ್ಲಿ. ಅದರಲ್ಲಿರುವ ಪರಭಾಷೆಯ ಮಾತುಗಳು ಕನ್ನಡವೆಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಜ್ ವಾದಿಸಿದರು. ವಿದ್ವಾಂಸರಲ್ಲಿ ಒಮ್ಮತವಿಲ್ಲ, ಆದ್ದರಿಂದ ‘ಕನ್ನಡ ಎಂಬ ವಾದವಿದೆ’ ಎಂದಷ್ಟೇ ಬರೆ.

ಪ್ರಾಜೆಕ್ಟಿನ ವಿಷಯದಲ್ಲಿ ನಿನ್ನ ಗೆಳತಿ ಹೇಳಿದ್ದು ಒಂದು ಮಟ್ಟಿಗೆ ಸರಿ. ಪಾರ್ಥೆನಾನಿನ ಕಂಬಗಳು ಬಹುಶಃ ಅಮೃತಶಿಲೆಯ ಬಣ್ಣದಲ್ಲೇ ಇದ್ದವು, ಮೇಲಿನ ಶಿಲ್ಪಗಳಿಗೂ ಅಲಂಕಾರದ ಭಾಗಗಳಿಗೂ ನೀಲಿ, ಕೆಂಪು, ಚಿನ್ನದ ಬಣ್ಣವಿತ್ತು. ಮಳೆ ಬಿಸಿಲಿಗೆ ಬಣ್ಣ ಹೋಯಿತು, ಉಳಿದದ್ದು ಎಷ್ಟೋ ಕಡೆ ‘ಸ್ವಚ್ಛ’ಗೊಳಿಸುವಾಗ ಹೋಯಿತು. ಇಂದಿಗೂ ಆ ಶಿಲ್ಪಗಳ ಮೇಲೆ ಈಜಿಪ್ಷಿಯನ್ ನೀಲಿಯ ಕುರುಹುಗಳು ವಿಶೇಷ ಕ್ಯಾಮೆರಾಗಳಿಗೆ ಸಿಗುತ್ತವೆ. ಮಾದರಿ ಮಾಡುವುದಾದರೆ 1:200 ಅಳತೆ ಹಿಡಿ: ತಳ 34.8 × 15.4 ಸೆಂ.ಮೀ., ಕಂಬ 5.2 ಸೆಂ.ಮೀ. ಎತ್ತರ, ಸುಮಾರು 1 ಸೆಂ.ಮೀ. ದಪ್ಪ. ಅಗಲಕ್ಕೆ 8, ಉದ್ದಕ್ಕೆ 17 ಕಂಬ. ಮೂಲೆಯ ಕಂಬಗಳನ್ನು ಎರಡೆರಡು ಸಲ ಎಣಿಸಿ 50 ಮಾಡಬೇಡ, ಹೊರಸಾಲಿನಲ್ಲಿ ಬೇಕಾದದ್ದು 46. ಥರ್ಮಾಕೋಲಿಗೆ ಸ್ಪ್ರೇ ಪೇಂಟ್ ಹೊಡೆದರೆ ಕರಗಿ ಗುಳಿ ಬೀಳುತ್ತದೆ, ಪೋಸ್ಟರ್ ಕಲರ್ ಮತ್ತು ಫೆವಿಕಾಲ್ ಸಾಕು. ಇದರ ತೊಂದರೆ ಏನೆಂದರೆ ಕೆಲಸವೆಲ್ಲ ಕಂಬಗಳಿಗೇ ಹೋಗುತ್ತದೆ, ಪಾಠಕ್ಕೆ ಏನೂ ಸೇರುವುದಿಲ್ಲ.

ಕೆಲವು ಶಾಲೆಗಳಲ್ಲಿ ‘ಗಡೀಪಾರು ಮತದಾನ’ ಆಡಿಸುತ್ತಾರೆ. ಅಥೆನ್ಸಿನಲ್ಲಿ ಮಡಕೆ ಚೂರಿನ ಮೇಲೆ ಹೆಸರು ಗೀಚಿ, 6,000 ಮತ ಬಿದ್ದರೆ ಒಬ್ಬನನ್ನು ಹತ್ತು ವರ್ಷ ಊರಾಚೆ ಕಳಿಸುತ್ತಿದ್ದರು. ತರಗತಿಯಲ್ಲಿ ಸಹಪಾಠಿಗಳ ಹೆಸರು ಬರೆಸಿದರೆ ಯಾರಾದರೂ ಒಬ್ಬರು ನೊಂದುಕೊಳ್ಳುವುದು ಖಂಡಿತ. ಆಡುವುದೇ ಆದರೆ ನಿಜವಾಗಿ ಗಡೀಪಾರಾದ ಅರಿಸ್ಟೈಡಿಸ್, ಥೆಮಿಸ್ಟೋಕ್ಲಿಸ್, ಸೈಮನ್ ಈ ಮೂವರ ಹೆಸರು ಮಾತ್ರ ಇಟ್ಟುಕೊಳ್ಳಿ. ಅಥೆನ್ಸಿನ ಕೋಟೆಗುಡ್ಡ ಅಕ್ರೊಪೊಲಿಸ್ ಪಕ್ಕದ ಬಾವಿಯೊಂದರಲ್ಲಿ ಥೆಮಿಸ್ಟೋಕ್ಲಿಸನ ಹೆಸರಿನ 190 ಚೂರುಗಳು ಸಿಕ್ಕಿದವು, ಬರೆದ ಕೈಗಳು 14 ಮಾತ್ರ. ಅಂದರೆ ಯಾರೋ ಮೊದಲೇ ಬರೆದು ಹಂಚಲು ಇಟ್ಟಿದ್ದರು. ಇದನ್ನು ಆಟದಲ್ಲಿ ತೋರಿಸಿದರೆ ಚರ್ಚೆ ತಾನೇ ಶುರುವಾಗುತ್ತದೆ.

ಪ್ರಾಜೆಕ್ಟಿಗೆ ನಾನು ಆರಿಸುವುದು ಚೀಟಿ ಎತ್ತುವ ಕಲ್ಲಿನ ಯಂತ್ರ, ‘ಕ್ಲೆರೊಟೀರಿಯನ್’. ಇದರ ತುಂಡುಗಳು ಅಥೆನ್ಸಿನ ಸಂತೆಚೌಕವಾದ ಅಗೋರಾದಲ್ಲಿ ಸಿಕ್ಕಿವೆ, ಕೆಲಸ ಮಾಡುವ ರೀತಿಯನ್ನು ಅರಿಸ್ಟಾಟಲನ ಹೆಸರಿನಲ್ಲಿರುವ ‘ಅಥೆನ್ಸಿನ ಸಂವಿಧಾನ’ದಿಂದ ತಿಳಿಯಬಹುದು. 30 × 45 ಸೆಂ.ಮೀ. ದಪ್ಪ ರಟ್ಟಿನಲ್ಲಿ 4 ಸೆಂ.ಮೀ. ಅಗಲದ ಸೀಳುಗಳನ್ನು ಅಡ್ಡಸಾಲಿಗೆ 5ರಂತೆ 8 ಸಾಲು ಕೊಯ್ಯಿ, ಒಟ್ಟು 40. ಪ್ರತಿ ವಿದ್ಯಾರ್ಥಿಗೆ 3.5 ಸೆಂ.ಮೀ. ಅಗಲದ ಒಂದು ಚೀಟಿ, ಅದರ ಮೇಲೆ ಹೆಸರು, ಊರು. ಚೀಟಿಗಳನ್ನು ಚೆನ್ನಾಗಿ ಕಲಸಿ ಸೀಳುಗಳಿಗೆ ಸಿಕ್ಕಿಸು, ಇಲ್ಲದಿದ್ದರೆ ಜೊತೆಯಲ್ಲಿ ಕೂರುವ ಗೆಳೆಯರೆಲ್ಲ ಒಂದೇ ಸಾಲಿಗೆ ಬರುತ್ತಾರೆ. ಪಕ್ಕದಲ್ಲಿ ಚಾರ್ಟ್ ಹಾಳೆ ಸುತ್ತಿ ಮಾಡಿದ ಕೊಳವೆ ಅಂಟಿಸಿ, ತಳಕ್ಕೆ ಎಳೆದು ತೆಗೆಯುವ ಕಡ್ಡಿ ಇಡು. ಹತ್ತು ಜನ ಬೇಕಿದ್ದರೆ ಎರಡು ಬಿಳಿ, ಆರು ಕಪ್ಪು ಗೋಲಿ ಕಲಸಿ ನೋಡದೆ ಸುರಿ. ಮೊದಲು ಬಿದ್ದ ಗೋಲಿ ಮೇಲಿನ ಸಾಲಿಗೆ. ಬಿಳಿಯಾದರೆ ಆ ಐವರೂ ಆಯ್ಕೆ, ಕಪ್ಪಾದರೆ ಐವರೂ ಮನೆಗೆ. ಹೀಗೆ ಎಂಟು ಸಾಲು.

ಕೆಟ್ಟುಹೋಗುವುದು ಸಾಮಾನ್ಯವಾಗಿ ಕೊಳವೆಯಲ್ಲಿ. 1.5 ಸೆಂ.ಮೀ. ಗೋಲಿಗೆ ಒಳಗಿನ ಅಗಲ 2 ಸೆಂ.ಮೀ. ದಾಟಿದರೆ ಎರಡು ಗೋಲಿ ಅಕ್ಕಪಕ್ಕ ಸಿಕ್ಕಿಕೊಂಡು ಕೆಳಗಿಳಿಯುವುದಿಲ್ಲ. ಬಣ್ಣ ಬಳಿದ ಗೋಲಿ ಒಂದಕ್ಕೊಂದು ಅಂಟುತ್ತದೆ, ಅಂಗಡಿಯಲ್ಲೇ ಎರಡು ಬಣ್ಣದವನ್ನು ಕೊಳ್ಳುವುದು ಮೇಲು. ಪ್ರದರ್ಶನದ ಹಿಂದಿನ ದಿನ ಎಂಟೂ ಗೋಲಿಗಳನ್ನು ನಾಲ್ಕೈದು ಸಲ ಹಾಕಿ ತೆಗೆದು ನೋಡು. ಕಡ್ಡಿ ಎಳೆದಾಗ ಒಂದರ ಬದಲು ಎರಡು ಬೀಳುತ್ತಿದ್ದರೆ, ಮೊದಲ ಕಡ್ಡಿಯಿಂದ ಒಂದು ಗೋಲಿಯಷ್ಟು ಮೇಲೆ ಇನ್ನೊಂದು ಕಡ್ಡಿ ತೂರಿಸಿ ಒಂದಾದ ಮೇಲೊಂದು ಎಳೆಯಬೇಕು.